ನಿಸರ್ಗದಲ್ಲಿ ಐದು ಗುಂಟೆ

ಪುಣೆಯಲ್ಲಿ ಎರಡು ಮಳೆ ಬಿದ್ದು ಸಿಂಹಗಡದ ಕಡೆಯ ಗುಡ್ಡಗಳು ಹಸಿರಾದವೆಂದರೆ ನಿವೇಶನ ಮಾರುವವರ ಜಾಹೀರಾತುಗಳೂ ಚಿಗುರತೊಡಗುತ್ತವೆ. ಮುಳಶಿ, ಮಾವಳ, ಭೋರ, ಯಾವ ಕಡೆ ಹೊರಳಿದರೂ ‘ನಿಸರ್ಗದ ಮಡಿಲು’. ಐದು ಗುಂಟೆ ಜಾಗ, ಸುತ್ತ ತಂತಿಬೇಲಿ, ಎರಡು ಮಾವಿನ ಸಸಿ, ಒಂದು ಪುಟ್ಟ ಮನೆ, ನೆರೆಯಲ್ಲೆಲ್ಲ ನಿಮ್ಮಂತೆಯೇ ನಿಸರ್ಗಪ್ರಿಯರು. ನಮ್ಮಂಥ ಕೇಂದ್ರ ಸರಕಾರದ ಗುಮಾಸ್ತರ ನಡುವೆಯೂ, ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ, ಈ ಚಿತ್ರಗಳು ಕೈಯಿಂದ ಕೈಗೆ ದಾಟುತ್ತವೆ. ಗುಂಟೆ ಎಂಬ ಮಾತು ಮರಾಠಿಗರಿಗೂ ನಮಗೂ ಒಂದೇ. ನಲವತ್ತು ಗುಂಟೆಗೆ ಒಂದು ಎಕರೆ ಎಂಬ ಲೆಕ್ಕವೂ ಒಂದೇ. ಅದಕ್ಕೇ ಏನೋ, ಆ ಮಾತು ಕಿವಿಗೆ ಬಿದ್ದೊಡನೆ ಊರ ಹೊಲ ಕಣ್ಣಿಗೆ ಕಟ್ಟುತ್ತದೆ.

ಈ ಆಸೆಯನ್ನು ನೋಡಿ ನಗುವುದು ಸುಲಭ. ನಾವು ನಗಲಾರೆವು. ಬಾಡಿಗೆ ಮನೆ, ಕ್ವಾರ್ಟರ್ಸು ಎಂದು ಇಪ್ಪತ್ತು ವರ್ಷ ಕಳೆದವರಿಗೆ ತಮ್ಮದೆಂಬ ಒಂದು ತುಂಡು ನೆಲ ಬೇಕೆನಿಸುವುದು ತಪ್ಪೇನಲ್ಲ. ಶೇಂಗಾ ಗಿಡದ ಮೇಲೆ ಬಿಡುತ್ತದೆಯೋ ನೆಲದೊಳಗೋ ಎಂದು ಕೇಳುವ ಮಕ್ಕಳು ನಮ್ಮ ಮನೆಗಳಲ್ಲೇ ಬೆಳೆಯುತ್ತಿದ್ದಾರೆ. ಮೇಲಾಗಿ 2004ರ ಜನವರಿ 1ರ ನಂತರ ನೌಕರಿಗೆ ಸೇರಿದ ನಮ್ಮಂಥ ಬಹುತೇಕರಿಗೆ ಹಳೆಯ ಪಿಂಚಣಿಯ ಭರವಸೆಯೂ ಇಲ್ಲ. ಕೂಡಿಟ್ಟ ದುಡ್ಡು ನೆಲದಲ್ಲಿದ್ದರೆ ಹೋಗದು ಎಂಬ ಲೆಕ್ಕಾಚಾರ ಮನಸ್ಸಿನಲ್ಲಿ ನಡೆದೇ ಇರುತ್ತದೆ.

ಇನ್ನು ಕಾಯಿದೆಯ ಮಾತು. ಮಹಾರಾಷ್ಟ್ರದಲ್ಲಿ 1948ರ ಗೇಣಿ ಕಾಯಿದೆಯಂತೆ ಕೃಷಿಕನಲ್ಲದವನು ಜಿಲ್ಲಾಧಿಕಾರಿಯ ಅನುಮತಿಯಿಲ್ಲದೆ ಕೃಷಿಭೂಮಿ ಕೊಳ್ಳುವಂತಿಲ್ಲ. ಆದ್ದರಿಂದ ‘ಎನ್.ಎ.’ ಆದ ಜಾಗವನ್ನೇ ಹುಡುಕಬೇಕು. (ನಮ್ಮ ಕರ್ನಾಟಕದಲ್ಲಿ ಇಂಥ ತಡೆಯೊಡ್ಡಿದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದೇ ಹಾಕಿದರು.) ನೌಕರರಾದ ನಾವು 1964ರ ನಡತೆ ನಿಯಮಗಳ 18ನೆಯ ನಿಯಮದಂತೆ ಸ್ಥಿರಾಸ್ತಿ ಕೊಳ್ಳುವ ಮೊದಲೇ ಇಲಾಖೆಗೆ ತಿಳಿಸಬೇಕು. ಅದಕ್ಕೊಂದು ನಮೂನೆಯಿದೆ. ಯಾರಿಂದ ಕೊಳ್ಳುತ್ತೀರಿ, ಎಷ್ಟಕ್ಕೆ, ಹಣ ಎಲ್ಲಿಂದ ಎಂದೆಲ್ಲ ಅದು ಕೇಳುತ್ತದೆ. ಆ ನೆಲದ ಮೇಲೆ ಇದುವರೆಗೆ ಯಾರು ಓಡಾಡುತ್ತಿದ್ದರು ಎಂದು ಕೇಳುವುದಿಲ್ಲ. ನಮ್ಮನ್ನು ಕಾಡುತ್ತಿರುವುದು ನಮೂನೆಯಲ್ಲಿಲ್ಲದ ಆ ಪ್ರಶ್ನೆಯೇ.

ಹೋದ ಶ್ರಾವಣದ ಒಂದು ಭಾನುವಾರ ಮುಳಶಿ ತಾಲೂಕಿನಲ್ಲಿ ಅಂಥದೊಂದು ಜಾಗವನ್ನು ಸಂಸಾರಸಮೇತ ನೋಡಿ ಬಂದೆವು. ಜಾಗ ಸೊಗಸಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಗೇಟು ತೆರೆದ ಕಾವಲುಗಾರನಿಗೆ ಐವತ್ತರ ಮೇಲಿರಬಹುದು. ಮಾತಿಗೆ ಮಾತು ಬೆಳೆದು, ಆ ಇಳಿಜಾರಿನ ಅರ್ಧದಷ್ಟು ಅವರ ಮನೆತನದ್ದೇ ಆಗಿತ್ತೆಂದು ತಿಳಿಯಿತು. ಮಾರಿದ್ದಕ್ಕೆ ಅವನಿಗೆ ಪಶ್ಚಾತ್ತಾಪವೇನೂ ಇರಲಿಲ್ಲ. ಸಾಲ ತೀರಿತು, ಮಗಳ ಮದುವೆಯಾಯಿತು ಎಂದ. ಎಮ್ಮೆಗಳು ಮಾತ್ರ ಈಗ ಹಳ್ಳಕ್ಕೆ ನೀರಿಗೆ ಹೋಗಬೇಕಾದರೆ ಬೇಲಿಯನ್ನು ಪೂರ್ತಿ ಸುತ್ತಿಕೊಂಡು ಹೋಗಬೇಕು, ಅವನವಷ್ಟೇ ಅಲ್ಲ, ವಾಡಿಯ ಎಲ್ಲರವೂ. ಹಿಂತಿರುಗುವಾಗ ಬಸ್ಸಿನಲ್ಲಿ ನಮ್ಮ ಮನೆಯವರು ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ಹೊಲದ ದಾರಿಗೆ ಯಾರರೆ ಹಿಂಗ ಬೇಲಿ ಹಾಕಿದ್ರ ಊರಾಗಿನ ಮಂದಿ ಸುಮ್ಮನಿರ್ತಿದ್ರೇನ್ರಿ?” ಎಂದರು.

ಮಾರಿದವನು ಒಪ್ಪಿ ಮಾರಿದ್ದಾನೆ, ಬೆಲೆ ಸಂದಿದೆ, ಇನ್ನೇನು ಎಂದು ಮಿತ್ರರು ಕೇಳುತ್ತಾರೆ. ಅವನ ಹೊಲದ ಮಟ್ಟಿಗೆ ಆ ಮಾತು ಸರಿ. ಅದನ್ನು ಮಾರುವುದು ಅವನ ಹಕ್ಕು; ಬಡವ ನಮ್ಮ ಕಣ್ಣಿಗೆ ಚೆಂದ ಕಾಣಲೆಂದು ಬಡವನಾಗಿಯೇ ಉಳಿಯಬೇಕಾಗಿಲ್ಲ. ಆದರೆ ಹಳ್ಳಕ್ಕೆ ಹೋಗುವ ದಾರಿ ಅವನೊಬ್ಬನದಲ್ಲ. ಅವನು ಅದನ್ನು ಮಾರಿಲ್ಲ, ಮಾರಲೂ ಆರ. ಹಾಗಿದ್ದೂ ಬೇಲಿಯೊಳಗೆ ಅದು ನಮಗೆ ಬಂದಿದೆ. ಸಾತ್‌ಬಾರಾ ಎಂದರೆ ಇಲ್ಲಿಯ ಪಹಣಿ. ಅದರಲ್ಲಿ ಇತರ ಹಕ್ಕುಗಳಿಗೆ ಒಂದು ಅಂಕಣವಿದೆ, ನಿಜ. ಎಮ್ಮೆ ತುಳಿದ ದಾರಿಯನ್ನೆಲ್ಲ ಅದರಲ್ಲಿ ಬರೆದಿಡುವವರು ಯಾರು? ಒಬ್ಬನಿಗೆ ಹಣ ಕೊಟ್ಟು ಹತ್ತು ಜನರದ್ದನ್ನು ಪಡೆದುಕೊಂಡಂತಾಯಿತಲ್ಲವೆ?

ಮುಳಶಿಗೆ ಇದು ಹೊಸ ಕಥೆಯಲ್ಲ. ಮುಂಬಯಿಗೆ ವಿದ್ಯುತ್ತು ಒದಗಿಸಲು ಟಾಟಾ ಕಂಪನಿ ಅಲ್ಲಿ ಅಣೆಕಟ್ಟು ಕಟ್ಟಹೊರಟಾಗ, 1921ರಲ್ಲಿ, ಸೇನಾಪತಿ ಬಾಪಟರ ಮುಂದಾಳುತನದಲ್ಲಿ ಮಾವಳೆ ರೈತರು ಸತ್ಯಾಗ್ರಹ ಹೂಡಿದರು. ಅದು 1924ರ ವರೆಗೆ ನಡೆದು ಸೋತಿತು. ನೀರು ಇಂದಿಗೂ ಘಟ್ಟವಿಳಿದು ಭಿರಾ ವಿದ್ಯುದಾಗಾರಕ್ಕೆ ಹೋಗುತ್ತದೆ. ಜಾಹೀರಾತಿನಲ್ಲಿ ಹೆಚ್ಚಿನ ದರಕ್ಕೆ ಮಾರುವ ‘ಸರೋವರ ದರ್ಶನ’ ಆ ಹೊಲಗಳ ಮೇಲೆ ನಿಂತ ನೀರು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ತಾಲೂಕಿನ ಲವಾಸಾದ ಸಂಗತಿಯೂ ಗೊತ್ತಿರುವುದೇ: 2010ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಕೆಲಸ ನಿಲ್ಲಿಸಿತು, ಮರುವರ್ಷ ಷರತ್ತಿನ ಮೇಲೆ ಬಿಟ್ಟಿತು, 2018ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು.

ಇದೇ ಬೆಟ್ಟಗಳಲ್ಲಿ ಇನ್ನೊಂದು ಬಗೆಯ ನಿಸರ್ಗಪ್ರೀತಿಯೂ ಇದೆ. ಇಲ್ಲಿಯವರು ಅದನ್ನು ದೇವರಾಯಿ ಎನ್ನುತ್ತಾರೆ, ನಮ್ಮ ಕೊಡಗಿನಲ್ಲಿ ದೇವರಕಾಡು. 1970ರ ದಶಕದಲ್ಲಿ ಪುಣೆಯವರೇ ಆದ ಮಾಧವ ಗಾಡಗೀಳರು ವರ್ತಕರೊಡನೆ ಇವುಗಳನ್ನು ಅಭ್ಯಾಸ ಮಾಡಿದರು. ಸುತ್ತಲಿನ ಗುಡ್ಡ ಬೋಳಾದರೂ ದೇವರ ಹೆಸರಿನ ಆ ತುಂಡು ಕಾಡು ಉಳಿದಿರುವುದುಂಟು. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ ನಮಗೆ ಅದರ ಮರಗಳಿಗಿಂತ ಅದರ ಕಟ್ಟಳೆಯೇ ಹೆಚ್ಚು ಸೋಜಿಗ: ಅಲ್ಲಿ ಯಾರಿಗೂ ಗುಂಟೆಯ ಪಾಲಿಲ್ಲ, ಒಣಕಟ್ಟಿಗೆ ಎತ್ತಲೂ ದೇವರ ಭಯ. ನಾವಾದರೋ ಪ್ರೀತಿ ಉಕ್ಕಿದೊಡನೆ ಅಳತೆಯ ಸರಪಳಿ ತರುತ್ತೇವೆ. ಕಟ್ಟಿದ ಮನೆಗೆ ವರ್ಷಕ್ಕೆ ಇಪ್ಪತ್ತು ದಿನ ಹೋಗಿ ಉಳಿದ ದಿನ ಬೀಗ ಹಾಕುವವನನ್ನು ವಾಡಿಯವರು ನೆರೆಯವನೆನ್ನಬೇಕೆ? ಮದುವೆಗೆ ಕರೆಯಲು ಅವನಿಲ್ಲ, ಬಾವಿಯ ಹೂಳೆತ್ತಲು ಅವನಿಲ್ಲ. ಬೇಸಿಗೆಯಲ್ಲಿ ಅವನ ಕೊಳವೆಬಾವಿ ಮಾತ್ರ ಇರುತ್ತದೆ.

ಹಾಗೆಂದು ಕೊಳ್ಳಲೇಬಾರದು ಎಂದು ನಾವು ಹೇಳುತ್ತಿಲ್ಲ. ನಿವೃತ್ತಿಯ ಮೇಲೆ ಅಲ್ಲೇ ಹೋಗಿ ನೆಲೆಸಿ, ಊರ ಕಷ್ಟಸುಖದಲ್ಲಿ ಪಾಲುಗೊಳ್ಳುವವನ ಲೆಕ್ಕ ಬೇರೆ. ನಮ್ಮ ಮನೆಯಲ್ಲೂ ಚರ್ಚೆ ಮುಗಿದಿಲ್ಲ. ಮುಂಗಡ ಕೊಟ್ಟಿಲ್ಲ. ಹಳ್ಳದ ದಾರಿಯನ್ನು ನಕ್ಷೆಯಲ್ಲಿ ತೆರೆದಿಡುತ್ತೀರಾ, ಒಟ್ಟು ಎಷ್ಟು ಕೊಳವೆಬಾವಿ ಕೊರೆಯುತ್ತೀರಿ ಎಂದು ಮಾರುವವರಿಗೆ ಬರೆದು ಕೇಳಿದ್ದೇವೆ. ಉತ್ತರ ಬಂದಿಲ್ಲ. ಹಬ್ಬದ ರಿಯಾಯತಿ ಇನ್ನು ನಾಲ್ಕೇ ದಿನ ಎಂಬ ಸಂದೇಶ ಮಾತ್ರ ಎರಡು ಸಲ ಬಂದಿದೆ.