ಎಲ್ಲದಕ್ಕೂ ಒಂದೇ ಕೆಂಪು ಗೆರೆ

ಐದನೇ ತರಗತಿಯ ಹುಡುಗನೊಬ್ಬ 'ನಮ್ಮೂರ ಜಾತ್ರೆ' ಎಂಬ ವಿಷಯದ ಮೇಲೆ ಹತ್ತು ಸಾಲು ಬರೆದಿದ್ದಾನೆ ಎಂದುಕೊಳ್ಳೋಣ. ಅದರಲ್ಲಿ ಈ ಮೂರು ವಾಕ್ಯಗಳಿವೆ. 'ತೇರಿನ ಗದ್ದಲಕ್ಕೆ ನಾನು ಅತ್ತೆ, ತಮ್ಮನು ಅತ್ತ.' 'ಬಲೂನು ಬ್ಯಾಡ ಅಂತ ಅಜ್ಜಿ ಅಂದ್ಲು.' 'ತಮ್ಮನ ಬಲೂನು ಒಡೆದುಹೋಯಿತು.' ಪುಸ್ತಕ ತಿದ್ದುವವರು ಮೊದಲ ವಾಕ್ಯದ 'ತಮ್ಮನು' ಎಂಬುದಕ್ಕೆ ಕೆಂಪು ಸುತ್ತು ಹಾಕಿ 'ತಮ್ಮನೂ' ಎಂದು ಬರೆಯುತ್ತಾರೆ. ಎರಡನೆಯದರಲ್ಲಿ 'ಬ್ಯಾಡ', 'ಅಂದ್ಲು' ಎರಡಕ್ಕೂ ಸುತ್ತು ಬೀಳುತ್ತದೆ. ಮೂರನೆಯದಕ್ಕೆ ಸರಿ ಗುರುತು.

ಇದನ್ನು ನಾವು ವ್ಯಾಕರಣ ಕಲಿಸುವುದು ಎನ್ನುತ್ತೇವೆ. ಸುತ್ತುಗಳೆಲ್ಲ ನೋಡಲು ಒಂದೇ. ಆದರೆ ಅವು ಹೇಳುತ್ತಿರುವ ಸಂಗತಿ ಒಂದೇ ಅಲ್ಲ. ಸರಿ ಗುರುತು ಬಿದ್ದ ವಾಕ್ಯದಲ್ಲಿ ಕೇಳಬೇಕಾದ ಪ್ರಶ್ನೆಯೊಂದು ಹಾಗೇ ಉಳಿದಿದೆ. ಮಕ್ಕಳ ಬರವಣಿಗೆ ಚೆನ್ನಾಗಲಿ ಎಂದು ವ್ಯಾಕರಣ ಕಲಿಸಬೇಕೇ, ಎಷ್ಟು ಕಲಿಸಬೇಕು ಎಂಬ ಚರ್ಚೆ ಹಳೆಯದು. ಅದಕ್ಕೂ ಮೊದಲು ಬರುವ ಪ್ರಶ್ನೆ ನೈತಿಕವಾದದ್ದು: 'ಇದು ತಪ್ಪು' ಎಂದಾಗ ನಾವು ಮಗುವಿಗೆ ನಿಜ ಹೇಳುತ್ತಿದ್ದೇವೆಯೇ?

ಮೊದಲ ಸುತ್ತು ನಿಜವನ್ನೇ ಹೇಳುತ್ತದೆ. ತಮ್ಮನು, ತಮ್ಮನೂ. ಒಂದು ಕೊಂಬು ದೀರ್ಘವಾದರೆ ವಾಕ್ಯದೊಳಗೆ ಇನ್ನೊಬ್ಬರು ಬರುತ್ತಾರೆ. ಜೊತೆಗೆ ಅತ್ತವರು ಬೇರೆಯವರೂ ಇದ್ದಾರೆ ಎಂದು ಓದುವವರಿಗೆ ತಿಳಿಯುತ್ತದೆ. ಮಾತಿನಲ್ಲಿ ಈ ಹುಡುಗ ಎಂದೂ ಇದನ್ನು ತಪ್ಪುವುದಿಲ್ಲ. ಅವನ ಕಿವಿಗೆ ಗೊತ್ತಿರುವುದು ಕೈಗೆ ಇನ್ನೂ ಗೊತ್ತಾಗಿಲ್ಲ ಅಷ್ಟೆ. ಇಲ್ಲಿ ತಿದ್ದುವುದೆಂದರೆ ಅವನು ಹೇಳಹೊರಟದ್ದನ್ನೇ ಹೇಳಲು ನೆರವಾಗುವುದು. ವಾಕ್ಯವನ್ನು ಗಟ್ಟಿಯಾಗಿ ಓದಿಸಿದರೆ ಸಾಕು, ಹೆಚ್ಚಿನ ಸಲ ಅವನೇ ಕಂಡುಕೊಳ್ಳುತ್ತಾನೆ.

ಎರಡನೆಯ ಸುತ್ತು ಬೇರೆ ಜಾತಿಯದು. 'ಬ್ಯಾಡ' ಎಂದರೆ ಯಾರಿಗೂ ಅರ್ಥ ಕೆಡುವುದಿಲ್ಲ. ಅದು ಅವನ ಮನೆಯ ಕನ್ನಡ, ಅದಕ್ಕೂ ತನ್ನದೇ ನಿಯಮಗಳಿವೆ. 'ಅಂದ್ಲು' ಎಂಬಲ್ಲಿ 'ಹೇಳಿದರು' ಎಂದು ತಿದ್ದಿದರಂತೂ ಅಜ್ಜಿಯೇ ಬದಲಾಗುತ್ತಾಳೆ. ಎಷ್ಟೋ ಮನೆಗಳಲ್ಲಿ ಅಜ್ಜಿಗೂ ಅಮ್ಮನಿಗೂ ಏಕವಚನವೇ ಸಲ್ಲುತ್ತದೆ. ಅದು ಅಗೌರವವಲ್ಲ, ಸಲಿಗೆ. ಬಹುವಚನದ ಅಜ್ಜಿ ಒಂದು ಗಜ ದೂರ ಕೂತಿರುತ್ತಾಳೆ. ಇಂಥ ಕಡೆ 'ತಪ್ಪು' ಎಂದು ಬರೆದರೆ ಅದು ಸುಳ್ಳು. 'ಇದು ನಿಮ್ಮ ಮನೆಯ ಮಾತು, ಗ್ರಂಥಭಾಷೆಯಲ್ಲಿ ಹೀಗೆ ಬರೆಯುತ್ತಾರೆ' ಎಂಬುದು ನಿಜ. ಎರಡರ ನಡುವೆ ಒಂದು ವಾಕ್ಯದಷ್ಟೇ ಅಂತರ. ಆದರೆ ಮೊದಲನೆಯದನ್ನು ಐದಾರು ವರ್ಷ ಕೇಳಿಸಿಕೊಂಡ ಮಗು ತನ್ನ ಮನೆಯವರೆಲ್ಲ ತಪ್ಪು ಮಾತಾಡುವವರು ಎಂಬ ತೀರ್ಮಾನಕ್ಕೆ ಬಂದಿರುತ್ತದೆ. ಆಮೇಲೆ ಅದು ತನಗೆ ಗೊತ್ತಿರುವುದನ್ನು ಬರೆಯುವುದಿಲ್ಲ, ಸುತ್ತು ಬೀಳದಂಥದ್ದನ್ನು ಬರೆಯುತ್ತದೆ. 'ಜಾತ್ರೆಯು ತುಂಬಾ ಚೆನ್ನಾಗಿತ್ತು. ಎಲ್ಲರೂ ಸಂತೋಷಪಟ್ಟರು.' ವ್ಯಾಕರಣಶುದ್ಧವಾದ ಈ ಎರಡು ವಾಕ್ಯಗಳಲ್ಲಿ ತೇರೂ ಇಲ್ಲ, ತಮ್ಮನೂ ಇಲ್ಲ.

ಕನ್ನಡಗಳು ಹಲವು ಎಂಬುದು ನಮ್ಮ ಕಾಲದ ಉದಾರವಾದಿಗಳು ಕಂಡುಹಿಡಿದದ್ದಲ್ಲ. 9ನೇ ಶತಮಾನದ 'ಕವಿರಾಜಮಾರ್ಗ'ವೇ ನಾಡಿನ ಕನ್ನಡಗಳ ವೈವಿಧ್ಯವನ್ನು ಗುರುತಿಸಿ, ಅವುಗಳ ಲೆಕ್ಕವಿಡಲು ಹೊರಟರೆ ವಾಸುಕಿಗೂ ಬೇಸರ ಬಂದೀತು ಎಂಬ ಅರ್ಥದ ಮಾತಾಡಿದೆ. ದೇವನೂರ ಮಹಾದೇವರ 'ಕುಸುಮಬಾಲೆ' ತನ್ನ ಸೀಮೆಯ ಆಡುಮಾತಿನಲ್ಲೇ ನಡೆಯುತ್ತದೆ. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ವಿಚಾರ ಸಂಕಿರಣಗಳಲ್ಲಿ ನಾವು ಹೊಗಳುವ ಗುಣವನ್ನೇ ಐದನೇ ತರಗತಿಯ ಪುಸ್ತಕದಲ್ಲಿ ಕೆಂಪು ಮಾಡುತ್ತೇವೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಗ್ರಂಥಭಾಷೆಯನ್ನು ಕಲಿಸದೆ ಬಿಟ್ಟರೆ ನಷ್ಟ ಯಾರಿಗೆ? ಮನೆಯಲ್ಲಿ ಪತ್ರಿಕೆ, ಪುಸ್ತಕ ಇರುವ ಮಕ್ಕಳಿಗೆ ಅದು ಹೇಗಿದ್ದರೂ ದಕ್ಕುತ್ತದೆ. ಶಾಲೆಯಲ್ಲಿ ಮಾತ್ರ ಅದನ್ನು ಕಾಣುವ ಮಗುವಿಗೆ ಶಾಲೆಯೂ ಕೊಡದಿದ್ದರೆ, ನಾಳೆ ಅರ್ಜಿ ಬರೆಯುವಾಗ, ಪರೀಕ್ಷೆಗೆ ಕೂರುವಾಗ ಅದು ಬರಿಗೈಯಲ್ಲಿ ನಿಲ್ಲುತ್ತದೆ. 'ನಿನ್ನ ಭಾಷೆಯೇ ಚೆಂದ, ಹಾಗೇ ಇರು' ಎನ್ನುವುದು ಕೇಳಲು ಇಂಪಾದ ಇನ್ನೊಂದು ಬಗೆಯ ಅನ್ಯಾಯ. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದ್ದರಿಂದಲೇ ಶಿಷ್ಟಭಾಷೆಯನ್ನು ಕಲಿಸಬೇಕು, ಗಟ್ಟಿಯಾಗಿಯೇ ಕಲಿಸಬೇಕು. ಆದರೆ ಅದನ್ನು ಕಲಿಸಲು ಸುಳ್ಳಿನ ಅಗತ್ಯವಿಲ್ಲ. ತುಳು, ಕೊಂಕಣಿ, ಉರ್ದು, ತೆಲುಗು, ಲಂಬಾಣಿ ಮಾತಾಡುವ ಮನೆಗಳಿಂದ ಬಂದ ಮಕ್ಕಳಿಗೆ ಕನ್ನಡ ಕಲಿಸುವಾಗ ಅವರ ಮನೆಮಾತು ತಪ್ಪು ಎಂದು ನಾವು ಹೇಳುವುದಿಲ್ಲ. ಕನ್ನಡದ ಮನೆಗಳಿಂದ ಬಂದವರಿಗೂ ಅಷ್ಟು ಮರ್ಯಾದೆ ಸಲ್ಲಬೇಕು.

ಈಗ ಸರಿ ಗುರುತು ಬಿದ್ದ ವಾಕ್ಯಕ್ಕೆ ಬರೋಣ. 'ತಮ್ಮನ ಬಲೂನು ಒಡೆದುಹೋಯಿತು.' ಯಾರು ಒಡೆದದ್ದು? ಬಹುಶಃ ಬರೆದವನೇ. 'ಒಡೆ' ಎಂಬ ಧಾತು ಎರಡೂ ಕಡೆ ಸಲ್ಲುತ್ತದೆ: ಬಲೂನು ಒಡೆಯಿತು, ಬಲೂನು ಒಡೆದೆ. ಅದಕ್ಕೆ 'ಹೋಗು' ಸೇರಿಸಿದರೆ ಯಾರ ಕೈಯೂ ಇಲ್ಲದೆ ತಾನಾಗಿಯೇ ಆದ ಘಟನೆಯಂತೆ ಕೇಳುತ್ತದೆ. 'ಒಡೆದುಬಿಟ್ಟೆ' ಎಂದರೆ ಕೈಯೂ ಇದೆ, ಅದರ ಹಿಂದೆ ಸ್ವಲ್ಪ ಅಳುಕೂ ಇದೆ. 'ಒಡೆದುಹಾಕಿದೆ' ಎಂದರೆ ಸಿಟ್ಟು. ಈ ಭೇದಗಳೆಲ್ಲ ಹತ್ತು ವರ್ಷದ ಹುಡುಗನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಅವನು 'ಹೋಯಿತು' ಆರಿಸಿಕೊಂಡಿದ್ದಾನೆ. ವ್ಯಾಕರಣದ ಪಾಠ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಇಲ್ಲಿ. ಅವನಿಂದ ತಪ್ಪೊಪ್ಪಿಗೆ ಬರೆಸಲು ಅಲ್ಲ. ನಾಲ್ಕು ರೂಪಗಳನ್ನು ಪಕ್ಕದಲ್ಲಿಟ್ಟು, ಒಂದೊಂದೂ ಏನನ್ನು ತೋರಿಸುತ್ತದೆ, ಏನನ್ನು ಮುಚ್ಚುತ್ತದೆ ಎಂದು ಅವನ ಜೊತೆ ನೋಡಲು. ಆಮೇಲೂ ಅವನು 'ಒಡೆದುಹೋಯಿತು' ಎಂದೇ ಉಳಿಸಿಕೊಳ್ಳಬಹುದು. ಆಗ ಅದು ತಿಳಿದು ಮಾಡಿದ ಆಯ್ಕೆ.

ಇದೇ ಸಂಗತಿಯನ್ನು ನಾವು ಪ್ರೌಢಶಾಲೆಯಲ್ಲಿ ಕರ್ತರಿ-ಕರ್ಮಣಿ ಪ್ರಯೋಗ ಎಂಬ ಹೆಸರಿನಲ್ಲಿ ಕಲಿಸುತ್ತೇವೆ. 'ರಾಮನು ಪುಸ್ತಕವನ್ನು ಓದಿದನು' ಎಂಬುದನ್ನು 'ರಾಮನಿಂದ ಪುಸ್ತಕವು ಓದಲ್ಪಟ್ಟಿತು' ಎಂದು ಬದಲಿಸುವುದು ಅಭ್ಯಾಸ. ಮಾತಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ, ಬರವಣಿಗೆಯಲ್ಲಿ ಅದು ಯಾವಾಗ ಬೇಕು ಎಂದು ಯಾರೂ ಕೇಳುವುದಿಲ್ಲ. ಆದರೆ ಅದೇ ವಿದ್ಯಾರ್ಥಿ ಶಾಲೆಯಿಂದ ಹೊರಗೆ ಬಂದರೆ ಕಚೇರಿಯ ಗೋಡೆಯ ಮೇಲೆ, ಪತ್ರಿಕೆಯ ಹೇಳಿಕೆಗಳಲ್ಲಿ 'ಕ್ರಮ ಕೈಗೊಳ್ಳಲಾಗುವುದು', 'ಸೇವೆಯನ್ನು ಸ್ಥಗಿತಗೊಳಿಸಲಾಗಿದೆ' ಎಂಬ ವಾಕ್ಯಗಳನ್ನು ದಿನವೂ ಓದುತ್ತಾನೆ. ಕೈಗೊಳ್ಳುವವರು ಯಾರು, ಸ್ಥಗಿತಗೊಳಿಸಿದವರು ಯಾರು? ಬಲೂನಿನ ಹುಡುಗನ ಜಾಣತನವನ್ನೇ ದೊಡ್ಡವರು ಮೊಹರು ಒತ್ತಿ ಬಳಸುತ್ತಿದ್ದಾರೆ. ಇದನ್ನು ಗುರುತಿಸಲು ಬರುವುದೇ ವ್ಯಾಕರಣ ಕಲಿತದ್ದರ ಲಾಭ. ಆ ಲಾಭ ಒಂದು ಅಂಕದ ಪ್ರಶ್ನೆಯಲ್ಲಿ ಮುಗಿದುಹೋಗುತ್ತದೆ.

ಹೀಗೇಕೆ ಆಯಿತು ಎಂದರೆ, ನಮ್ಮ ಶಾಲೆಗಳ ವ್ಯಾಕರಣ ಬಹುಮಟ್ಟಿಗೆ ಹೆಸರಿಸುವ ವಿದ್ಯೆ. ಸಂಧಿ ಬಿಡಿಸು, ಸಮಾಸ ಹೆಸರಿಸು, ವಿಭಕ್ತಿ ಗುರುತಿಸು. ಪಟ್ಟಿಯಲ್ಲಿ ತೃತೀಯಾಕ್ಕೆ 'ಇಂದ', ಪಂಚಮಿಗೆ 'ದೆಸೆಯಿಂದ' ಎಂದಿರುತ್ತದೆ. 'ಮರದ ದೆಸೆಯಿಂದ ಹಣ್ಣು ಬಿತ್ತು' ಎನ್ನುವ ಕನ್ನಡಿಗನನ್ನು ಹುಡುಕಿ ತರಬೇಕು. ಕೋಲಿನಿಂದ ಹೊಡೆದಾಗಲೂ ಮರದಿಂದ ಬಿದ್ದಾಗಲೂ ನಮಗೆ 'ಇಂದ' ಒಂದೇ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯುವ ಈ ಕ್ರಮವನ್ನು ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಪುಸ್ತಕದಲ್ಲಿ ವಿವರವಾಗಿ ಪ್ರಶ್ನಿಸಿದರು. ಅವರ ಎಲ್ಲ ತೀರ್ಮಾನಗಳನ್ನು ಒಪ್ಪದವರೂ ಒಂದನ್ನು ಒಪ್ಪಬೇಕಾದೀತು: ಮಗುವಿನ ಬಾಯಲ್ಲಿಲ್ಲದ ಕನ್ನಡವನ್ನು ಮಗುವಿನ ಭಾಷೆಯ ನಿಯಮವೆಂದು ಬಾಯಿಪಾಠ ಮಾಡಿಸುವುದು, ಅದಕ್ಕೆ ಗೊತ್ತಿರುವುದನ್ನು ಗೊತ್ತಿಲ್ಲ ಎಂದು ನಂಬಿಸುವ ದಾರಿ.

ಹೆಸರಿಸುವ ವ್ಯಾಕರಣದಿಂದ ಬರವಣಿಗೆ ಸುಧಾರಿಸುವುದೇ ಎಂಬುದನ್ನು ಇಂಗ್ಲಿಷ್ ತರಗತಿಗಳಲ್ಲಿ ಬಹಳ ಕಾಲದಿಂದ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದಲ್ಲಿ 1963ರಲ್ಲಿ ಬ್ರ್ಯಾಡಕ್, ಲಾಯ್ಡ್-ಜೋನ್ಸ್, ಶೋಯರ್ ಅವರು ಅಲ್ಲಿಯವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿ, ಔಪಚಾರಿಕ ವ್ಯಾಕರಣ ಬೋಧನೆಯಿಂದ ಬರವಣಿಗೆಗೆ ಆಗುವ ಪ್ರಯೋಜನ ನಗಣ್ಯ, ಬರೆಯುವ ಅಭ್ಯಾಸದ ಸಮಯವನ್ನು ಅದು ಕಸಿಯುವುದರಿಂದ ಹಾನಿಯೂ ಆಗಬಹುದು ಎಂದರು. 2007ರಲ್ಲಿ ಗ್ರಹಾಂ ಮತ್ತು ಪೆರಿನ್ ಅವರ ವರದಿ, ಬಿಡಿ ವ್ಯಾಕರಣ ಪಾಠಕ್ಕಿಂತ ಸಣ್ಣ ವಾಕ್ಯಗಳನ್ನು ಕೂಡಿಸಿ ದೊಡ್ಡದು ಮಾಡುವ ಅಭ್ಯಾಸ ಫಲ ಕೊಡುತ್ತದೆ ಎಂದು ತೋರಿಸಿತು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಡೆಬ್ರಾ ಮೈಹಿಲ್ ಮತ್ತು ಸಂಗಡಿಗರು 2012ರಲ್ಲಿ, ಬರವಣಿಗೆಯ ಪಾಠದೊಳಗೇ ವ್ಯಾಕರಣವನ್ನು ಆಯ್ಕೆಗಳ ರೂಪದಲ್ಲಿ ತಂದರೆ ಗುಣ ಕಾಣುತ್ತದೆ ಎಂದರು. ಆದರೆ ಹೆಚ್ಚು ಲಾಭವಾದದ್ದು ಮೊದಲೇ ಚೆನ್ನಾಗಿ ಬರೆಯುತ್ತಿದ್ದವರಿಗೆ ಎಂಬುದೂ ಅವರ ಅಧ್ಯಯನದಲ್ಲೇ ಇದೆ. ಇಂಗ್ಲಿಷಿನ ಫಲಿತಾಂಶವನ್ನು ಕನ್ನಡಕ್ಕೆ ಹಾಗೇ ಎತ್ತಿಡಲಾಗದು. ಆದರೂ ಪಟ್ಟಿ ಬಾಯಿಪಾಠವಾದರೆ ಬರವಣಿಗೆ ತಾನಾಗಿ ಬರುತ್ತದೆ ಎಂಬ ನಂಬಿಕೆಗೆ ಅಲ್ಲಿ ಆಧಾರ ಸಿಗುವುದಿಲ್ಲ.

ವಾಕ್ಯ ಕೂಡಿಸುವ ಅಭ್ಯಾಸಕ್ಕೆ ಕನ್ನಡದಷ್ಟು ಅನುಕೂಲವಾದ ಭಾಷೆ ಸಿಗುವುದು ಕಷ್ಟ. 'ಮಳೆ ಬಂತು. ತೇರು ನಿಂತಿತು.' ಇವೆರಡನ್ನು ಕೂಡಿಸಿ ಎಂದರೆ ಒಂದು ತರಗತಿಯಲ್ಲಿ ಎಷ್ಟೋ ಉತ್ತರ ಬರುತ್ತವೆ: ಮಳೆ ಬಂದು, ಬಂದಾಗ, ಬಂದ ಮೇಲೆ, ಬಂದದ್ದರಿಂದ. ಒಂದರಲ್ಲಿ ಬರೀ ಕಾಲ, ಇನ್ನೊಂದರಲ್ಲಿ ಕಾರಣ. 'ಬಂದರೂ' ಎಂದರೆ ತೇರು ನಿಲ್ಲಲೇ ಇಲ್ಲ, ಕಥೆಯೇ ಬೇರೆ. 'ಅಪ್ಪ ಮನೆಗೆ ಬಂದು ನಾನು ಊಟ ಮಾಡಿದೆ' ಎಂಬುದು ಯಾಕೆ ಕುಂಟುತ್ತದೆ ಎಂದು ಕೇಳಿದರೆ, ಬಂದವನೊಬ್ಬ ಉಂಡವನೊಬ್ಬ ಆದರೆ 'ಬಂದು' ಸಾಮಾನ್ಯವಾಗಿ ಒಗ್ಗುವುದಿಲ್ಲ ಎಂಬ ನಿಯಮವನ್ನು ಮಕ್ಕಳೇ ಹೇಳುತ್ತಾರೆ. ಅದಕ್ಕೆ ಕೃದಂತಾವ್ಯಯ ಎಂಬ ಹೆಸರಿದೆ ಎಂದು ಆಗ ತಿಳಿಸಿದರೆ, ಕಂಡ ವಸ್ತುವಿಗೆ ಹೆಸರು ಸಿಕ್ಕಂತಾಗುತ್ತದೆ.

ನಮ್ಮ ಹಳೆಯ ವೈಯಾಕರಣರು ನಡೆದದ್ದೂ ಈ ಕ್ರಮದಲ್ಲೇ. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ತನಗಿಂತ ಮುಂಚಿನ ಕವಿಗಳನ್ನು ಹೆಸರಿಸಿ, ಅವರ ಪ್ರಯೋಗಗಳೇ ತನಗೆ ಲಕ್ಷ್ಯ ಎನ್ನುತ್ತಾನೆ. ಸೂತ್ರಗಳಿಗೆ ಉದಾಹರಣೆಯಾಗಿ ಕಾವ್ಯಗಳ ಸಾಲುಗಳನ್ನು ಕೊಡುತ್ತಾನೆ. ಅವನೂ ಸರಿ-ತಪ್ಪುಗಳ ಗೆರೆ ಎಳೆದವನೇ, ಕಟ್ಟುನಿಟ್ಟಿನವನೇ. ಆದರೆ ಗೆರೆ ಎಳೆಯುವ ಮೊದಲು ಬರೆದವರನ್ನು ಓದಿದ್ದ. ಮಗುವಿನ ಹತ್ತು ಸಾಲಿಗೂ ಅಷ್ಟು ಓದು ಸಲ್ಲಬೇಕು.

ನಲವತ್ತು ಪುಸ್ತಕಗಳ ಕಟ್ಟು ಮುಂದಿರುವ ಮೇಷ್ಟ್ರಿಗೆ ಇದು ದೊಡ್ಡ ಬೇಡಿಕೆ ಎಂದು ಗೊತ್ತು. ಎಲ್ಲ ತಪ್ಪುಗಳನ್ನೂ ಒಂದೇ ದಿನ ತಿದ್ದಲೇಬೇಕೆಂಬ ಹಟ ಬಿಟ್ಟರೆ ಸ್ವಲ್ಪ ಬಿಡುವು ಸಿಕ್ಕೀತು. ಒಂದು ವಾರ 'ಊ'ಕಾರ, ಇನ್ನೊಂದು ವಾರ ಮನೆಮಾತು ಮತ್ತು ಪುಸ್ತಕದ ಮಾತು, ಮತ್ತೊಂದು ವಾರ ಯಾರು ಮಾಡಿದರು ಎಂಬ ಪ್ರಶ್ನೆ. ಅಂಚಿನಲ್ಲಿ ಸುತ್ತಿನ ಬದಲು ಕೆಲವೊಮ್ಮೆ 'ನೀನು ಹೇಳಬೇಕೆಂದದ್ದು ಇದೇನಾ?' ಎಂಬ ಒಂದು ಸಾಲು ಬರೆಯಬಹುದು. ಮಗು ಹೌದು ಎನ್ನಬಹುದು, ಅಲ್ಲ ಎನ್ನಬಹುದು. ಎರಡರಲ್ಲಿ ಯಾವುದೇ ಉತ್ತರ ಬಂದರೂ, ತನ್ನ ವಾಕ್ಯವನ್ನು ಅದು ಇನ್ನೊಮ್ಮೆ ಓದಿಯೇ ಹೇಳಬೇಕಾಗುತ್ತದೆ.