ಹಳೆಯ ಲಾರಿ, ಹೊಸ ಎಂಜಿನ್: ಅಭೇದ ಮತ್ತು ಹೊಣೆಯ ಒಂದು ವಿಚಾರ

ಭಾಗಗಳು ಬದಲಾದ ಮೇಲೂ ವಸ್ತು ಅದೇ ಆಗಿ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಎರಡು ಸಾವಿರ ವರ್ಷಗಳಿಂದ ಚರ್ಚಿಸುತ್ತ ಬಂದಿವೆ, ಮತ್ತು ಆ ಚರ್ಚೆಯಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ನಿದರ್ಶನ ರಥ. ರಥದ ಕೆಲಸವನ್ನು ಈಗ ಲಾರಿಯೂ ಜೀಪೂ ಮಾಡುತ್ತಿರುವುದರಿಂದ ಪ್ರಶ್ನೆಯೂ ಅವುಗಳ ಬೆನ್ನು ಹತ್ತಿ ಬಂದಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಏರು ದಾರಿಗಳಲ್ಲಿ ಅಡಿಕೆ, ಗೊಬ್ಬರ, ಜಂಬಿಟ್ಟಿಗೆ, ಮರಮುಟ್ಟು ಹೊರುವ ವಾಹನದ ಚಾಸಿ ಇನ್ನೂ ಗಟ್ಟಿಯಾಗಿದ್ದು ಎಂಜಿನ್ ಮಾತ್ರ ಸೋತಾಗ, ಅದನ್ನು ಗುಜರಿಗೆ ಹಾಕುವ ಬದಲು ಬೇರೊಂದು ಎಂಜಿನ್ ಕೂರಿಸುವ ಆಲೋಚನೆ ಸಹಜವಾಗಿಯೇ ಹುಟ್ಟುತ್ತದೆ. ಹಾಗೆ ಕೂರಿಸಿದ ಮೇಲೆ ರಸ್ತೆಗೆ ಇಳಿಯುವುದು ಹಿಂದಿನ ಲಾರಿಯೇ, ಅಥವಾ ಅದರ ಹೆಸರು ಹೊತ್ತ ಇನ್ನೊಂದು ಲಾರಿಯೇ ಎಂಬುದು ಈ ಪ್ರಬಂಧದ ವಿಷಯ.

ಈ ಪದ್ಧತಿ ಮೋಟಾರು ವಾಹನಗಳಷ್ಟೇ ಹಳೆಯದು. ಪೆಟ್ರೋಲ್ ಎಂಜಿನ್ ಹೊತ್ತು ಬಂದ ವಿದೇಶಿ ಲಾರಿಗಳಿಗೆ ಆರು ಸಿಲಿಂಡರಿನ ಪರ್ಕಿನ್ಸ್ ಪಿ-6 ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲಕ್ಕೆ ಸಾಮಾನ್ಯ ಸಂಗತಿಯಾಗಿತ್ತು. ಮದರಾಸಿನ ಸಿಂಪ್ಸನ್ ಕಂಪನಿ ಆ ಎಂಜಿನನ್ನು ಭಾರತದಲ್ಲಿಯೇ ತಯಾರಿಸಿತು. 1954ರಲ್ಲಿ ಟಾಟಾ ಮತ್ತು ಡೈಮ್ಲರ್-ಬೆಂಜ್ ಕಂಪನಿಗಳ ಒಪ್ಪಂದದಿಂದ ಡೀಸೆಲ್ ಲಾರಿಗಳೇ ಇಲ್ಲಿ ತಯಾರಾಗತೊಡಗಿದ ಮೇಲೆ ಪೆಟ್ರೋಲ್ ಲಾರಿಗಳು ಹಿಂದೆ ಸರಿದವು. ವಿಲ್ಲಿಸ್ ಮಾದರಿಯ ಮಹೀಂದ್ರ ಜೀಪಿನ ಕಥೆಯೂ ಇಂಥದ್ದೇ: ಅದರ 2.2 ಲೀಟರ್ ಪೆಟ್ರೋಲ್ ಎಂಜಿನ್ 1973ರ ತೈಲ ಬಿಕ್ಕಟ್ಟಿನ ಅನಂತರ ದುಬಾರಿಯೆನಿಸಿ, ಅದರ ಜಾಗಕ್ಕೆ ಡೀಸೆಲ್ ಎಂಜಿನ್ನುಗಳು, ಮುಂದೆ ಪೂಜೋ ವಿನ್ಯಾಸದ 2,112 ಸಿಸಿ ಎಂಜಿನ್ ಕೂಡ, ಬಂದವು. ಕೆಲಸ ಒಂದು ಯಂತ್ರವನ್ನು ಇಳಿಸಿ ಇನ್ನೊಂದನ್ನು ಏರಿಸುವುದಕ್ಕೆ ಮುಗಿಯುವುದಿಲ್ಲ. ಎಂಜಿನ್ ಕೂರುವ ಮೌಂಟಿಂಗುಗಳನ್ನು ಹೊಸದಾಗಿ ಬೆಸೆಯಬೇಕು, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್ ಹೊಂದಬೇಕು, ಪ್ರೊಪೆಲ್ಲರ್ ಶಾಫ್ಟಿನ ಉದ್ದ ಸರಿಹೋಗಬೇಕು, ರೇಡಿಯೇಟರಿಗೆ ಹೊಸ ಶಾಖವನ್ನು ತಾಳುವ ಶಕ್ತಿ ಇರಬೇಕು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಹೊಗೆ ಮಾನದಂಡದ ಎಂಜಿನ್ನುಗಳಲ್ಲಿ ತೊಡಕು ಇನ್ನೂ ಹೆಚ್ಚು, ಏಕೆಂದರೆ ಅವು ತಮ್ಮ ನಿಯಂತ್ರಣ ಗಣಕವಾದ ಇಸಿಎಂ, ಅದಕ್ಕೆ ಸುದ್ದಿ ಕೊಡುವ ಸೆನ್ಸರುಗಳು, ವೈರಿಂಗ್ ಮತ್ತು ಹೊಗೆ ಶುದ್ಧೀಕರಿಸುವ ಸಾಧನಗಳು ಇಲ್ಲದೆ ಸರಿಯಾಗಿ ನಡೆಯುವುದಿಲ್ಲ. ಒಂದು ಭಾಗವನ್ನು ಬದಲಿಸಹೊರಟವರು ಹೀಗೆ ಹಲವು ಭಾಗಗಳನ್ನು ಬದಲಿಸಬೇಕಾಗುತ್ತದೆ, ಮತ್ತು ಯಾವ ಹಂತದಲ್ಲಿ ಹಳೆಯ ಲಾರಿ ಮುಗಿದು ಹೊಸದು ಆರಂಭವಾಯಿತೆಂದು ಬೆರಳಿಟ್ಟು ತೋರಿಸಲು ಯಾರಿಗೂ ಆಗುವುದಿಲ್ಲ.

ಎಂಜಿನ್ನನ್ನು ವಾಹನದ ಪ್ರಾಣವೆಂದು ಎಣಿಸುವವರಿಗೆ ಉತ್ತರ ಸುಲಭ: ಪ್ರಾಣ ಬೇರೆಯಾದ್ದರಿಂದ ಲಾರಿಯೂ ಬೇರೆ. ಈ ಎಣಿಕೆಗೆ ಸಮೀಪದ ಕಥೆ ಶಂಕರಾಚಾರ್ಯರ ಪರಕಾಯಪ್ರವೇಶ, ಅಂದರೆ ಯೋಗಬಲದಿಂದ ಇನ್ನೊಂದು ದೇಹವನ್ನು ಹೊಗುವುದು. ಮಾಧವನ ಹೆಸರಿನಲ್ಲಿ ಪ್ರಚಲಿತವಾಗಿರುವ ಶಂಕರದಿಗ್ವಿಜಯದ ಪ್ರಕಾರ, ಆಚಾರ್ಯರು ಮೃತನಾದ ಅಮರುಕರಾಜನ ದೇಹವನ್ನು ಹೊಕ್ಕಾಗ ಮುಖವೂ ಮೈಯೂ ರಾಜನದಾಗಿಯೇ ಇದ್ದರೂ, ಆಡಳಿತದಲ್ಲಿ ಕಂಡ ಹೊಸ ಹದದಿಂದ ಮಂತ್ರಿಗಳಿಗೆ ಸಂದೇಹ ಹುಟ್ಟುತ್ತದೆ. ಆ ದೇಹದಲ್ಲಿದ್ದಾಗ ನಡೆದುದರ ಲೇಪ ತಮ್ಮ ಮೂಲ ದೇಹಕ್ಕೆ ತಗಲದೆಂಬುದು ಅದೇ ಕಾವ್ಯದಲ್ಲಿ ಮುಂದೆ ಆಚಾರ್ಯರು ಕೊಡುವ ಸಮಾಧಾನ. ಇಲ್ಲಿ ಎರಡು ಅಳತೆಗೋಲುಗಳು ಒಟ್ಟಿಗೆ ಕಾಣುತ್ತವೆ: ಯಾರು ಎಂಬುದನ್ನು ಮಂತ್ರಿಗಳು ಒಳಗಿನ ಚೈತನ್ಯದಿಂದ ಗುರುತಿಸಿದರೆ, ಕರ್ಮದ ಲೆಕ್ಕವನ್ನು ಆಚಾರ್ಯರ ವಾದ ದೇಹದ ಮೇಲೆ ಇಡುತ್ತದೆ.

ಕಾನೂನು ಈ ಎರಡನೆಯ ದಾರಿಗೆ ಹತ್ತಿರವಾಗಿದೆ. ನೋಂದಣಿ ಪತ್ರದಲ್ಲಿ, ಅಂದರೆ ಜನ ಆರ್‌ಸಿ ಎನ್ನುವ ದಾಖಲೆಯಲ್ಲಿ, ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ಎರಡೂ ಇರುತ್ತವೆ. ಆದರೆ ಎಂಜಿನ್ ಹೋದರೆ ಅದರ ಸಂಖ್ಯೆಯನ್ನು ತಿದ್ದುವುದನ್ನು ಯೋಚಿಸಬಹುದೇ ಹೊರತು, ಚಾಸಿ ಸಂಖ್ಯೆಯನ್ನು ಅಳಿಸುವುದು ವಂಚನೆಯ ಗುರುತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಹೇಳಿ, ಬೇರೆ ಇಂಧನಕ್ಕೆ ಹೊಂದಿಸುವ ಕಿಟ್ ಜೋಡಣೆಯಂಥ ಕೆಲವಕ್ಕೆ ಷರತ್ತಿನ ಅವಕಾಶ ಕೊಡುತ್ತದೆ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಿತು. ದರ್ಶನದ ಮಾತಿನಲ್ಲಿ ಹೇಳುವುದಾದರೆ, ತಯಾರಕನ ಸಂಕಲ್ಪವೇ ವಸ್ತುವಿನ ಸ್ವಭಾವ, ಒಡೆಯನ ಇಚ್ಛೆಯಿಂದ ಆ ಸ್ವಭಾವ ಬದಲಾಗದು ಎಂಬುದು ಕಾನೂನಿನ ನಿಲುವು.

ಈ ನಿಲುವು ತರ್ಕಕ್ಕೆ ಎಷ್ಟು ನಿಲ್ಲುತ್ತದೆಂದು ನೋಡಲು ನ್ಯಾಯ-ವೈಶೇಷಿಕರ ಬಳಿಗೆ ಹೋಗಬೇಕು. ಅವರ ಮತದಲ್ಲಿ ಅವಯವಗಳು ಎಂದರೆ ಭಾಗಗಳು, ಅವಯವಿ ಎಂದರೆ ಭಾಗಗಳಲ್ಲಿ ನೆಲೆಸಿದ್ದರೂ ಅವುಗಳ ಬರಿಯ ಮೊತ್ತವಲ್ಲದ ಪೂರ್ಣವಸ್ತು, ಇವೆರಡರ ಬಿಡಿಸಲಾಗದ ನಂಟು ಸಮವಾಯ. ಭಾಗಗಳ ಸಂಯೋಗ ಮುರಿದರೆ ಆ ಅವಯವಿ ನಾಶವಾಗಿ, ಉಳಿದ ಭಾಗಗಳಿಂದ ಇನ್ನೊಂದು ಅವಯವಿ ಹುಟ್ಟುತ್ತದೆ. ಈ ಲೆಕ್ಕದಲ್ಲಿ ಎಂಜಿನ್ ಇಳಿಸಿದ ಕ್ಷಣದಲ್ಲಿ ಒಂದು ಲಾರಿ ಅಳಿಯಿತು, ಹೊಸದನ್ನು ಕೂರಿಸಿದಾಗ ಮತ್ತೊಂದು ಹುಟ್ಟಿತು. ‘ಇದು ಅದೇ ಲಾರಿ’ ಎಂಬ ಪ್ರತ್ಯಭಿಜ್ಞೆ, ಅಂದರೆ ಹಿಂದೆ ಕಂಡದ್ದನ್ನೇ ಈಗ ಕಾಣುತ್ತಿದ್ದೇವೆಂಬ ಗುರುತು, ಕತ್ತರಿಸಿದ ಮೇಲೆ ಮತ್ತೆ ಬೆಳೆದ ಕೂದಲನ್ನು ಅದೇ ಎಂದು ಕರೆದಂತೆ ಸಾದೃಶ್ಯದಿಂದ ಬಂದದ್ದು. ವಾದ ಕಟ್ಟುನಿಟ್ಟಾಗಿದೆ, ಆದರೆ ಅದರ ಬೆಲೆಯೂ ದೊಡ್ಡದು: ಒಂದು ಕ್ಲಚ್ ಪ್ಲೇಟ್ ಬದಲಿಸಿದರೂ ಲಾರಿ ಹೊಸದಾಗುತ್ತದೆಂದು ಒಪ್ಪಿದರೆ, ಎಂಜಿನ್ ಬದಲಾವಣೆಯ ಬಗ್ಗೆ ವಿಶೇಷವಾಗಿ ಹೇಳಲು ಏನೂ ಉಳಿಯುವುದಿಲ್ಲ.

ಬೌದ್ಧರು ಇದಕ್ಕೂ ಮುಂದೆ ಹೋದರು. ಮಿಲಿಂದಪ್ರಶ್ನೆಯಲ್ಲಿ ಭಿಕ್ಷು ನಾಗಸೇನನು ಗ್ರೀಕ್ ಮೂಲದ ರಾಜ ಮಿಲಿಂದನನ್ನು, ಅಚ್ಚು ರಥವೇ, ಗಾಲಿ ರಥವೇ, ಮೂಕಿ ರಥವೇ, ಇವೆಲ್ಲ ಕೂಡಿದ ರಾಶಿ ರಥವೇ ಎಂದು ಒಂದೊಂದಾಗಿ ಕೇಳಿ, ಯಾವುದಕ್ಕೂ ಹೌದೆನ್ನಲಾಗದ ರಾಜನಿಂದಲೇ, ರಥವೆಂಬುದು ಭಾಗಗಳನ್ನು ಆಶ್ರಯಿಸಿದ ಒಂದು ವ್ಯವಹಾರದ ಹೆಸರು ಎಂಬ ಮಾತನ್ನು ಹೊರಡಿಸುತ್ತಾನೆ. ಗ್ರೀಕರಲ್ಲಿಯೂ ಇದಕ್ಕೆ ಹತ್ತಿರದ ಚರ್ಚೆಯಿದೆ: ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಕಾಪಾಡಿದ ಥೀಸಿಯಸ್‌ನ ಹಡಗನ್ನು ಪ್ಲೂಟಾರ್ಕ್ ನೆನೆಯುತ್ತಾನೆ, ಮತ್ತು ತೆಗೆದ ಹಳೆಯ ಹಲಗೆಗಳಿಂದಲೇ ಇನ್ನೊಂದು ಹಡಗು ಕಟ್ಟಿದರೆ ಎರಡರಲ್ಲಿ ಯಾವುದು ಮೂಲದ್ದೆಂದು 17ನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್ ಕೇಳಿದ. ಇಳಿಸಿದ ಎಂಜಿನ್ ರಿಪೇರಿಯಾಗಿ ಇನ್ನೊಂದು ಚಾಸಿಯನ್ನು ಸೇರಿದಾಗ ಹಾಬ್ಸ್‌ನ ಪ್ರಶ್ನೆ ಗ್ಯಾರೇಜಿನ ನಿತ್ಯದ ಸಂಗತಿಯೇ ಆಗುತ್ತದೆ.

ನಿತ್ಯತೆ ಮತ್ತು ನಾಶಗಳ ಈ ಜಗಳಕ್ಕೆ ಸಮನ್ವಯ ಸೂಚಿಸಿದವರು ಜೈನರು. ಹೊಸನಗರ ತಾಲ್ಲೂಕಿನ ಹುಂಚ, ಅಂದರೆ ಹೊಂಬುಜ, ಸಾಂತರ ಅರಸರ ಕಾಲದಿಂದ ಜೈನರ ದೊಡ್ಡ ಕ್ಷೇತ್ರವಾಗಿ, ಪದ್ಮಾವತಿ ದೇವಿಯ ನೆಲೆಯಾಗಿ ಪ್ರಸಿದ್ಧವಾಗಿರುವುದರಿಂದ ಈ ಮತ ಈ ಸೀಮೆಗೆ ಹೊರಗಿನದಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಇರುವ ಪ್ರತಿಯೊಂದು ವಸ್ತುವಿಗೂ ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರು ಲಕ್ಷಣಗಳು ಒಟ್ಟಿಗೇ ಇರುತ್ತವೆ: ಒಂದು ಪರ್ಯಾಯ, ಎಂದರೆ ಅವಸ್ಥೆ, ಹುಟ್ಟುತ್ತದೆ, ಇನ್ನೊಂದು ಅಳಿಯುತ್ತದೆ, ದ್ರವ್ಯ ಉಳಿಯುತ್ತದೆ. ಸಮಂತಭದ್ರಾಚಾರ್ಯನು ಆಪ್ತಮೀಮಾಂಸೆಯಲ್ಲಿ ಇದಕ್ಕೆ ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದ ನಿದರ್ಶನ ಕೊಡುತ್ತಾನೆ: ಕೊಡ ಬೇಕಾದವನಿಗೆ ದುಃಖ, ಕಿರೀಟ ಬೇಕಾದವನಿಗೆ ಸಂತೋಷ, ಚಿನ್ನವಷ್ಟೇ ಬೇಕಾದವನಿಗೆ ಎರಡೂ ಇಲ್ಲ; ಮೂವರ ಭಾವಕ್ಕೂ ವಸ್ತುವಿನಲ್ಲಿಯೇ ಆಧಾರವಿದೆ. ಎಂಜಿನ್ ಬದಲಾದ ಲಾರಿಯ ಸುತ್ತಲೂ ಈ ಮೂವರು ನಿಂತಿರುತ್ತಾರೆ. ಹಳೆಯ ಎಂಜಿನ್ನಿನ ಸದ್ದಿನಿಂದಲೇ ಗೇರ್ ಬದಲಿಸುವ ಹೊತ್ತನ್ನು ತಿಳಿಯುತ್ತಿದ್ದ ಡ್ರೈವರನಿಗೆ ಏನೋ ಹೋಯಿತು, ಏರಿನಲ್ಲಿ ಹೊರೆ ಎಳೆಯಬೇಕಾದ ಮಾಲೀಕನಿಗೆ ಏನೋ ಬಂತು, ಚಾಸಿ ಸಂಖ್ಯೆಯ ಮೇಲೆ ಸಾಲ ಕೊಟ್ಟ ಬ್ಯಾಂಕಿಗೆ ಹೋದದ್ದೂ ಇಲ್ಲ, ಬಂದದ್ದೂ ಇಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಲಾರಿಯಲ್ಲಿ ದ್ರವ್ಯವಾಗಿ ಉಳಿದದ್ದು ಕಬ್ಬಿಣ ಮಾತ್ರವಾದರೆ, ಗುಜರಿ ಅಂಗಡಿಯಲ್ಲಿ ಕತ್ತರಿಸಿ ಬಿದ್ದ ಲಾರಿಯಲ್ಲಿಯೂ ಅದು ಉಳಿದಿರುತ್ತದೆ. ಅಲ್ಲಿ ಮಾತ್ರ ‘ಅದೇ ಲಾರಿ’ ಎಂದು ಯಾರೂ ಹೇಳುವುದಿಲ್ಲ. ಹಾಗಾದರೆ ಅಭೇದಕ್ಕೆ, ಅಂದರೆ ಅಂದಿನದೇ ಇಂದಿನದು ಎಂಬ ನಿರ್ಣಯಕ್ಕೆ, ಲೋಹವನ್ನು ಬಿಟ್ಟು ಇನ್ನೊಂದು ಆಧಾರ ಬೇಕು. ಆ ಆಧಾರವನ್ನು ಮಿಲಿಂದಪ್ರಶ್ನೆಯ ಇನ್ನೊಂದು ದೃಷ್ಟಾಂತ ಒದಗಿಸುತ್ತದೆ. ಪರರ ತೋಟದ ಮಾವಿನಹಣ್ಣು ಕದ್ದವನೊಬ್ಬ, ಒಡೆಯ ನೆಟ್ಟ ಮಾವು ಬೇರೆ, ತಾನು ಕಿತ್ತ ಮಾವು ಬೇರೆ, ಆದ್ದರಿಂದ ತಾನು ಕಳ್ಳನಲ್ಲ ಎಂದು ವಾದಿಸಿದರೆ, ಆ ಹಣ್ಣು ನೆಟ್ಟ ಮಾವಿನಿಂದಲೇ ಬಂದದ್ದಾದ್ದರಿಂದ ಅವನು ದಂಡನೆಗೆ ಅರ್ಹನೇ ಎಂದು ರಾಜ ಒಪ್ಪುತ್ತಾನೆ. ವಸ್ತು ಅದೇ ಅಲ್ಲವೆಂದು ಸಾಧಿಸಿದ ನಾಗಸೇನನೇ ಹೊಣೆ ಮಾತ್ರ ಕಡಿಯದೆಂದು ಇಲ್ಲಿ ಸಾಧಿಸುತ್ತಾನೆ.

ತೀರ್ಥಹಳ್ಳಿಯ ಸ್ಥಳಪುರಾಣ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ತಂದೆಯ ಆಜ್ಞೆಯಂತೆ ತಾಯಿಯ ತಲೆ ಕಡಿದ ಪರಶುರಾಮನ ಕೊಡಲಿಗೆ ಅಂಟಿದ ರಕ್ತದ ಕಲೆ ಎಲ್ಲಿ ತೊಳೆದರೂ ಹೋಗದೆ, ಕೊನೆಗೆ ಇಲ್ಲಿ ತುಂಗಾನದಿಯಲ್ಲಿ ತೊಳೆದುಹೋಯಿತೆಂಬುದು ಆ ಪುರಾಣ; ಎಳ್ಳಮಾವಾಸ್ಯೆಯಂದು ಇಲ್ಲಿನ ರಾಮಕುಂಡದಲ್ಲಿ ಜನ ಇಂದಿಗೂ ಮೀಯುತ್ತಾರೆ. ಕೊಡಲಿಯ ಕಾವನ್ನೂ ಅಲಗನ್ನೂ ಬದಲಿಸಿ ಕಲೆಯಿಂದ ಪಾರಾಗುವ ದಾರಿ ಪರಶುರಾಮನಿಗೆ ತೆರೆದೇ ಇತ್ತು. ಆ ದಾರಿ ಹಿಡಿದಿದ್ದರೆ ಪುರಾಣಕ್ಕೆ ಅರ್ಥವೇ ಇರುತ್ತಿರಲಿಲ್ಲ, ಏಕೆಂದರೆ ಕಲೆ ಅಂಟಿದ್ದು ಲೋಹಕ್ಕಲ್ಲ, ಆ ಲೋಹದಿಂದ ನಡೆದ ಕೃತ್ಯಕ್ಕೆ.

ಇದರಿಂದ ಒಂದು ನಿರ್ಣಯಕ್ಕೆ ಬರಬಹುದು. ಲಾರಿಗೆ ಸ್ವತಂತ್ರವಾದ ಆತ್ಮವಿಲ್ಲ. ಅದು ಮನುಷ್ಯರ ನಡುವಿನ ಋಣಗಳನ್ನು ಹೊರುವ ಸಾಧನ. ಬಾಕಿ ತೆರಿಗೆ, ಬ್ಯಾಂಕಿನ ಸಾಲ, ವಿಮೆ, ಹಿಂದೊಮ್ಮೆ ಆದ ಅಪಘಾತದ ಪರಿಹಾರ, ಇವುಗಳ ಸರಪಳಿ ಕಡಿಯದೆ ಮುಂದುವರಿದಷ್ಟು ಕಾಲ ಲಾರಿ ಅದೇ. ಹೊಣೆ ಮನುಷ್ಯನದಲ್ಲವೇ, ಲಾರಿಯದು ಹೇಗೆ ಎಂದು ಆಕ್ಷೇಪಿಸಬಹುದು. ಹೊಣೆ ಮನುಷ್ಯನದೇ, ಆದರೆ ಲಾರಿ ಒಬ್ಬರಿಂದೊಬ್ಬರಿಗೆ ಮಾರಾಟವಾಗುವುದರಿಂದ, ಯಾವ ಹೊಣೆ ಯಾರದ್ದೆಂದು ಹುಡುಕುವುದಕ್ಕೆ ಲಾರಿಯ ಗುರುತೇ ದಾರಿ. ಅದ್ವೈತಿಗಳು ವ್ಯಾವಹಾರಿಕ ಸತ್ಯವೆಂದು ಕರೆಯುವ, ಎಂದರೆ ಪರಮಾರ್ಥದಲ್ಲಿ ನಿಲ್ಲದಿದ್ದರೂ ಲೋಕದ ನಡವಳಿಕೆಯಲ್ಲಿ ಬಾಧಿತವಾಗದ ಸತ್ಯದ ಸಾಲಿಗೆ ಈ ಅಭೇದ ಸೇರುತ್ತದೆ.

ಹೊಣೆಯೇ ಅಭೇದದ ಆಧಾರವೆಂದಾದರೆ ಬದಲಾವಣೆ ಹೇಗೆ ನಡೆಯಬೇಕೆಂಬುದೂ ತೀರ್ಮಾನವಾಗುತ್ತದೆ. ದೇವಾಲಯಗಳ ಜೀರ್ಣೋದ್ಧಾರಕ್ಕೆ, ಅಂದರೆ ಶಿಥಿಲವಾದುದನ್ನು ಎತ್ತಿ ನಿಲ್ಲಿಸುವ ಕ್ರಮಕ್ಕೆ, ಆಗಮಗಳು ವಿಧಿ ಹೇಳುವುದು ಈ ಕಾರಣಕ್ಕಾಗಿಯೇ. ಕಲಾಕರ್ಷಣದಿಂದ ಬಿಂಬದ ಸಾನ್ನಿಧ್ಯವನ್ನು ಕುಂಭಕ್ಕೆ ಸೆಳೆದು, ಬಾಲಾಲಯವೆಂಬ ತಾತ್ಕಾಲಿಕ ನೆಲೆಯಲ್ಲಿ ಪೂಜೆ ನಡೆಸಿ, ಕೆಲಸ ಮುಗಿದ ಮೇಲೆ ಮತ್ತೆ ಪ್ರತಿಷ್ಠೆ ಮಾಡಲಾಗುತ್ತದೆ. ಕಲ್ಲು ಹೊಸದಾದರೂ ದೇವರು ಅದೇ ಎಂಬ ನಂಬಿಕೆ ನಿಂತಿರುವುದು, ಒಂದು ದಿನವೂ ಪೂಜೆ ತಪ್ಪದಂತೆ ಎಲ್ಲರ ಎದುರಿಗೆ ನಡೆದ ಈ ಹಸ್ತಾಂತರದ ಮೇಲೆ. ಅನುಮತಿ ಪಡೆದು, ಹೊಸ ಎಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿ ಬರೆಯಿಸಿ, ವಿಮೆಯವರಿಗೆ ತಿಳಿಸಿ, ಎಫ್‌ಸಿ ಎಂಬ ಯೋಗ್ಯತಾ ಪತ್ರದ ತಪಾಸಣೆಗೆ ವಾಹನವನ್ನು ಒಡ್ಡುವುದು ಲೌಕಿಕದಲ್ಲಿ ಅದಕ್ಕೆ ಸಮಾನವಾದ ವಿಧಿ.

ಇನ್ನೊಂದು ಹೊಣೆ ರಸ್ತೆಯಲ್ಲಿ ಎದುರು ಬರುವವರ ಬಗೆಗಿನದು. ಕಠೋಪನಿಷತ್ತು ಶರೀರವನ್ನು ರಥವೆಂದೂ ಇಂದ್ರಿಯಗಳನ್ನು ಕುದುರೆಗಳೆಂದೂ ಮನಸ್ಸನ್ನು ಕಡಿವಾಣವೆಂದೂ ಬುದ್ಧಿಯನ್ನು ಸಾರಥಿಯೆಂದೂ ರೂಪಿಸಿ, ಹಿಡಿತವಿಲ್ಲದವನ ಕುದುರೆಗಳು ದಾರಿ ತಪ್ಪುತ್ತವೆಂದು ಎಚ್ಚರಿಸುತ್ತದೆ. ಹಳೆಯ ಚಾಸಿಗೆ ಹೆಚ್ಚು ಶಕ್ತಿಯ ಎಂಜಿನ್ ಕೂರಿಸುವುದೆಂದರೆ ಕುದುರೆಗಳನ್ನು ಬದಲಿಸಿ ಕಡಿವಾಣವನ್ನು ಹಳೆಯದೇ ಉಳಿಸಿಕೊಂಡಂತೆ. ಏರಿನಲ್ಲಿ ಹೊಸ ಎಂಜಿನ್ ಲಾಭವೇ; ಆದರೆ ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಲ್ಲಾಗಲಿ, ಹೊಸನಗರದ ಕಡೆಯಿಂದ ಕರಾವಳಿಗೆ ಇಳಿಯುವ ಹುಲಿಕಲ್ ಘಾಟಿಯಲ್ಲಾಗಲಿ ಮಳೆಗಾಲದ ಇಳಿಜಾರಿನಲ್ಲಿ ಕಾಯುವುದು ಎಂಜಿನ್ನಿನ ಬಲವಲ್ಲ, ಬ್ರೇಕು, ಸ್ಟೀರಿಂಗು ಮತ್ತು ತಕ್ಕ ಗೇರು. ಹಳೆಯ ವೇಗಕ್ಕೂ ಹಳೆಯ ಹೊರೆಗೂ ಅಳೆದು ಮಾಡಿದ ಬ್ರೇಕು ಹೊಸ ವೇಗದಲ್ಲಿ ಕಾಯ್ದು ಹಿಡಿತ ಕಳೆದುಕೊಳ್ಳುತ್ತದೆ. ತಯಾರಕನ ವಿವರವನ್ನೇ ಸ್ವಭಾವವೆಂದು ಹಿಡಿಯುವ ಕಾನೂನು ತಾತ್ತ್ವಿಕವಾಗಿ ದುರ್ಬಲವೆನಿಸಿದರೂ ಇಲ್ಲಿ ಅದಕ್ಕೆ ಬಲವಾದ ಸಮರ್ಥನೆಯಿದೆ: ಶಕ್ತಿಗೂ ಹಿಡಿತಕ್ಕೂ ಇರುವ ಹೊಂದಿಕೆಯನ್ನು ಮೊದಲು ಲೆಕ್ಕ ಹಾಕಿದವನು ತಯಾರಕ, ಅದನ್ನು ಮುರಿದವನು ಆ ಲೆಕ್ಕವನ್ನು ಮತ್ತೆ ತಾನೇ ಹಾಕಬೇಕು.

ಹೊಸ ಎಂಜಿನ್ ಕೂರಿಸಿದ ಲಾರಿ ಅದೇ ಲಾರಿಯೇ ಎಂಬ ಪ್ರಶ್ನೆಗೆ ಲೋಹವನ್ನು ಪರೀಕ್ಷಿಸಿ ಉತ್ತರ ಕೊಡಲಾಗದು. ಬದಲಾವಣೆಯನ್ನು ಬಹಿರಂಗವಾಗಿ ದಾಖಲಿಸಿ, ಹಿಂದಿನ ಋಣವನ್ನೂ ಮುಂದಿನ ಅಪಾಯವನ್ನೂ ಒಡೆಯ ತನ್ನ ಮೇಲೆ ಹೊತ್ತಿದ್ದರೆ ಅದು ಅದೇ ಲಾರಿ. ಋಣ ತಪ್ಪಿಸಿಕೊಳ್ಳಲು ಸಂಖ್ಯೆ ಉಜ್ಜಿದ್ದರೆ, ಒಂದು ಬೋಲ್ಟೂ ಬದಲಾಗದಿದ್ದರೂ ಅದು ಬೇರೆ ಲಾರಿ.