ಡಬ್ಬಿ ಖಾಲಿ ಮಾಡುವವರು ಯಾರು?

1960ಕ್ಕಿಂತ ಹಿಂದಿನ ಅಮೆರಿಕದ ಕಾರು, ಟ್ರಕ್ಕುಗಳ ಎಂಜಿನ್ನಿನಿಂದ ಒಂದು ಕೊಳವೆ ನೆಲದ ಕಡೆ ಬಾಯಿ ಮಾಡಿ ಇಳಿದಿರುತ್ತಿತ್ತು. ರೋಡ್ ಡ್ರಾಫ್ಟ್ ಟ್ಯೂಬ್ ಎಂದು ಅದರ ಹೆಸರು. ಎಷ್ಟೇ ನಾಜೂಕಾಗಿ ಮಾಡಿದ ಎಂಜಿನ್ ಆಗಲಿ, ಸಿಲಿಂಡರಿನಲ್ಲಿ ಉರಿದ ಅನಿಲದ ಒಂದು ಪಾಲು ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗೆ, ಎಣ್ಣೆ ಇರುವ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಬ್ಲೋ-ಬೈ ಅನ್ನುತ್ತಾರೆ. ಅದನ್ನು ಒಳಗೇ ಕೂಡಿಟ್ಟರೆ ಎಣ್ಣೆ ಕೆಡುತ್ತದೆ, ಒತ್ತಡ ಏರಿ ಸೀಲುಗಳು ಸೋರುತ್ತವೆ. ಹೊರಗೆ ಬಿಡಲೇಬೇಕು. ಬಿಟ್ಟರು, ರಸ್ತೆಗೆ. ಹೆದ್ದಾರಿಗಳ ಪ್ರತಿ ಲೇನಿನ ನಡುವೆ ಎಣ್ಣೆಯ ಕಪ್ಪು ಪಟ್ಟೆ ಮೂಡಿತು. ಅದು ಯಾರದೆಂದು ಕೇಳಿದರೆ ಎಲ್ಲರದೂ, ಅಂದರೆ ಯಾರದೂ ಅಲ್ಲ.

ಲಾಸ್ ಏಂಜಲೀಸಿನ ಕಣ್ಣುರಿಸುವ ಹೊಗೆಮಂಜು ಎಲ್ಲಿಂದ ಬರುತ್ತದೆಂದು 1950ರ ದಶಕದ ಆರಂಭದಲ್ಲಿ ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞರು ತೋರಿಸಿಕೊಟ್ಟ ಮೇಲೆ ಈ ಕೊಳವೆಗೆ ಕಷ್ಟ ಬಂತು. 1961ರ ಮಾಡೆಲ್ಲಿನಿಂದ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಲ್ಲಿ ಪಿಸಿವಿ ಎಂಬ ಪುಟ್ಟ ವಾಲ್ವ್ ಬಂತು. ಕ್ರ್ಯಾಂಕ್‌ಕೇಸಿನ ಅನಿಲವನ್ನು ರಸ್ತೆಗೆ ಬಿಡದೆ ಮತ್ತೆ ಎಂಜಿನ್ನಿನ ಬಾಯಿಗೇ ಎಳೆದು ಉರಿಸುವ ಏರ್ಪಾಡು ಅದು. ತನ್ನ ಎಂಜಲನ್ನು ತಾನೇ ತಿನ್ನಬೇಕು ಎಂದು ಯಂತ್ರಕ್ಕೆ ವಿಧಿಸಿದ ಹಾಗೆ. ನನಗೆ ಇದು ಕಳೆದ ಶತಮಾನದ ಒಳ್ಳೆಯ ನೈತಿಕ ನಿರ್ಧಾರಗಳಲ್ಲಿ ಒಂದು ಅನ್ನಿಸುತ್ತದೆ. ಯಾರೂ ಇದರ ಬಗ್ಗೆ ಕವಿತೆ ಬರೆದಂತಿಲ್ಲ.

ತಂತ್ರಜ್ಞಾನದ ನೀತಿಶಾಸ್ತ್ರ ನನ್ನ ಪಿಎಚ್‌ಡಿ ವಿಷಯ. ಅದರ ಪುಸ್ತಕಗಳಲ್ಲಿ ಅಣುಬಾಂಬು ಬರುತ್ತದೆ, ವಂಶವಾಹಿ ಬರುತ್ತದೆ, ಪಿಸಿವಿ ವಾಲ್ವ್ ಬರುವುದಿಲ್ಲ. ಅದನ್ನು ನನಗೆ ಪರಿಚಯಿಸಿದ್ದು ಇಲ್ಲಿ ಮಿಶಿಗನ್ನಿನಲ್ಲಿ ನನ್ನ ಪಕ್ಕದ ಮನೆಯವರು. ಹಾಸನದ ಕಡೆಯವರು, ಇಪ್ಪತ್ತು ವರ್ಷದಿಂದ ಇಲ್ಲಿದ್ದಾರೆ, ನಾನು ಅಣ್ಣ ಎಂದೇ ಕರೆಯುವುದು. ಅವರ ಫೋರ್ಡ್ ಎಫ್-150 ಪಿಕಪ್ ಟ್ರಕ್ಕಿಗೆ 5 ಲೀಟರಿನ ವಿ8 ಎಂಜಿನ್. ಕಂಪನಿ ಕೊಟ್ಟ 395 ಅಶ್ವಶಕ್ತಿ ಸಾಲದೆಂದು ಮೇಲೊಂದು ಸೂಪರ್‌ಚಾರ್ಜರ್ ಕೂರಿಸಿ 600 ದಾಟಿಸಿದ್ದಾರೆ. ಟ್ರಕ್ಕು ಹೆಚ್ಚಾಗಿ ಹೋಗುವುದು ಕಾಸ್ಟ್‌ಕೋಗೆ, ಅಕ್ಕಿ ಮೂಟೆ ತರಲು. ಅತ್ತಿಗೆ ಈ ಮಾತನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಸೂಪರ್‌ಚಾರ್ಜರ್ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು. ಗಾಳಿ ಹೆಚ್ಚು, ಪೆಟ್ರೋಲ್ ಹೆಚ್ಚು, ಸಿಲಿಂಡರಿನೊಳಗಿನ ಒತ್ತಡ ಹೆಚ್ಚು. ಹಾಗಾಗಿ ರಿಂಗುಗಳ ಸಂದಿನಿಂದ ನುಸುಳುವುದೂ ಹೆಚ್ಚು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಪಿಸಿವಿಯ ಕಡೆಯಿಂದ ಎಳೆಯುವ ನಿರ್ವಾತವೂ ಇಲ್ಲವಾಗಿ, ತಾಜಾ ಗಾಳಿ ಒಳಗೆ ಬರಬೇಕಾದ ಇನ್ನೊಂದು ಪೈಪಿನಿಂದ ಅನಿಲ ಹಿಂದಕ್ಕೆ ನುಗ್ಗುತ್ತದೆ. ಜೊತೆಗೆ ಎಣ್ಣೆಯ ಮಂಜು. ಅದು ಸೂಪರ್‌ಚಾರ್ಜರಿನ ರೋಟರುಗಳನ್ನು ದಾಟಿ, ಕಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಸಣ್ಣ ರೆಕ್ಕೆಗಳ ಮೇಲೆ ಜಿಡ್ಡಾಗಿ ಕೂರುತ್ತದೆ. ಗಾಳಿ ಸರಿಯಾಗಿ ತಣಿಯುವುದಿಲ್ಲ. ಎಣ್ಣೆ ಬೆರೆತ ಪೆಟ್ರೋಲಿನ ಆಕ್ಟೇನ್ ಇಳಿದು ಅಕಾಲದಲ್ಲಿ ಹೊತ್ತಿಕೊಳ್ಳುತ್ತದೆ, ಎಂಜಿನ್ ಕಟಕಟ ಬಡಿಯುತ್ತದೆ. ಅದನ್ನು ಗುರುತಿಸಿದ ಕಂಪ್ಯೂಟರ್ ಟೈಮಿಂಗನ್ನು ಹಿಂದೆ ಸರಿಸುತ್ತದೆ. ದುಡ್ಡು ಕೊಟ್ಟು ತಂದ ಶಕ್ತಿ ಅಲ್ಲೇ ಸೋರಿಹೋಗುತ್ತದೆ.

ಹಾನ್ಸ್ ಯೋನಾಸ್ ಎಂಬ ಜರ್ಮನ್ ತತ್ವಜ್ಞಾನಿ 1979ರಲ್ಲಿ ಹೊಣೆಗಾರಿಕೆಯ ಕುರಿತು ಒಂದು ದೊಡ್ಡ ಪುಸ್ತಕ ಬರೆದರು. ಮನುಷ್ಯನ ಶಕ್ತಿ ಹಿಗ್ಗಿದಷ್ಟೂ ಅವನ ಹೊಣೆ ಹಿಗ್ಗುತ್ತದೆ ಎಂಬುದು ಅದರ ತಿರುಳು. ಅಣ್ಣನ ಟ್ರಕ್ಕಿನಲ್ಲಿ ಈ ಮಾತು ಉಪಮೆಯಲ್ಲ, ಅಳೆದು ತೋರಿಸಬಹುದಾದ ಸಂಗತಿ. ಹೆಚ್ಚಿದ ಶಕ್ತಿಯ ಜೊತೆಗೇ ಹೆಚ್ಚಿದ ಕೊಳೆ ಬಂತು, ಅದಕ್ಕೊಂದು ಜಾಗ ಬೇಕಾಯಿತು. ಆ ಜಾಗದ ಹೆಸರು ಆಯಿಲ್ ಕ್ಯಾಚ್ ಕ್ಯಾನ್.

ಅದನ್ನು ಹಾಕುವ ಕೆಲಸ ನಾನು ನೋಡಿದ್ದೇನೆ, ಟಾರ್ಚ್ ಹಿಡಿದು. ಎಂಜಿನ್ ತಣ್ಣಗಿರಬೇಕು. ಕಂಪನಿಯ ಪೈಪನ್ನು ಎರಡೂ ತುದಿಯ ಕ್ಲಿಪ್ಪು ಒತ್ತಿ ಕಳಚಬೇಕು. ಅಲ್ಲೇ ಒಂದು ಬೋಲ್ಟಿಗೆ ಬ್ರಾಕೆಟ್ಟು ಕೂರಿಸಿ ಅಲ್ಯೂಮಿನಿಯಂ ಡಬ್ಬಿ ನಿಲ್ಲಿಸಬೇಕು. ಎಂಜಿನ್ನಿನಿಂದ ಡಬ್ಬಿಗೆ ಒಂದು ಪೈಪು, ಡಬ್ಬಿಯಿಂದ ಮತ್ತೆ ಇನ್‌ಟೇಕಿಗೆ ಇನ್ನೊಂದು. ಒಳಗಿನ ಜಾಲರಿಗೆ ತಾಗಿದ ಎಣ್ಣೆಯ ಹನಿಗಳು ಕೆಳಗೆ ಇಳಿಯುತ್ತವೆ, ಅನಿಲ ಮುಂದೆ ಹೋಗುತ್ತದೆ. ಸೂಪರ್‌ಚಾರ್ಜರ್ ಇದ್ದರೆ ಎರಡೂ ಕಡೆಯ ಪೈಪಿಗೆ ಒಂದೊಂದು ಡಬ್ಬಿ. ಕೆಲವರು ಇನ್‌ಟೇಕಿಗೆ ಹೋಗುವ ಪೈಪು ಕಿತ್ತು, ಡಬ್ಬಿಯ ಬಾಯನ್ನು ಗಾಳಿಗೆ ತೆರೆದುಬಿಡುತ್ತಾರೆ. ಅದು ಹಳೆಯ ರೋಡ್ ಡ್ರಾಫ್ಟ್ ಟ್ಯೂಬಿಗೆ ಹೊಸ ಬಣ್ಣ ಬಳಿದಂತೆ. ಕಾನೂನಿಗೂ ವಿರುದ್ಧ.

“ಹಾಕೋದು ಒಂದು ಗಂಟೆ ಕೆಲ್ಸ ಕಣಪ್ಪ. ಆಮೇಲೆ ಖಾಲಿ ಮಾಡ್ತಾ ಇರ್ಬೇಕಲ್ಲ, ಅದೇ ಕೆಲ್ಸ” ಎಂದರು ಅಣ್ಣ, ಕೈ ಒರೆಸಿಕೊಳ್ಳುತ್ತಾ. ನಾನು ಹಿಡಿದುಕೊಂಡಿದ್ದು ಈ ಮಾತನ್ನು.

ಯಾಕೆಂದರೆ ಮರೆತ ಡಬ್ಬಿ, ಇಲ್ಲದ ಡಬ್ಬಿಗಿಂತ ಕೆಟ್ಟದ್ದು. ಡಬ್ಬಿ ಇಲ್ಲದಿದ್ದಾಗ ಎಣ್ಣೆ ಮಂಜಿನಂತೆ ಚೂರು ಚೂರೇ ಹೋಗುತ್ತದೆ. ತುಂಬಿ ತುಳುಕುವ ಡಬ್ಬಿಯಿಂದ ಒಂದೇ ಸಲ ಗುಟುಕಿನಷ್ಟು ಎಂಜಿನ್ನಿನ ಬಾಯಿಗೆ ಬೀಳಬಹುದು. ಚಳಿಗಾಲದಲ್ಲಿ ಇನ್ನೊಂದು ಅಪಾಯ. ಡಬ್ಬಿಯಲ್ಲಿ ಸೇರುವುದು ಎಣ್ಣೆ ಮಾತ್ರ ಅಲ್ಲ, ನೀರು, ಉರಿಯದ ಪೆಟ್ರೋಲೂ ಸೇರಿ ಹಾಲು ಹೆಚ್ಚಾದ ಕಾಫಿಯ ಬಣ್ಣದ ಗಸಿಯಾಗಿರುತ್ತದೆ. ಮೈನಸ್ ಹದಿನೈದು ಡಿಗ್ರಿಯಲ್ಲಿ ನೀರು ಹೆಪ್ಪುಗಟ್ಟಿ ದಾರಿ ಮುಚ್ಚಿದರೆ, ಕ್ರ್ಯಾಂಕ್‌ಕೇಸಿನ ಒತ್ತಡ ಸೀಲುಗಳನ್ನು ಹುಡುಕಿಕೊಂಡು ಹೋಗುತ್ತದೆ.

ಯೋನಾಸ್ ಅವರ ಕಣ್ಣು ದೂರದ ಮೇಲಿತ್ತು, ಇನ್ನೂ ಹುಟ್ಟದ ಪೀಳಿಗೆಗಳ ಮೇಲೆ. ಅದು ಬೇಕು. ಆದರೆ ಹೊಣೆಯನ್ನು ಒಂದು ದೊಡ್ಡ ನಿರ್ಧಾರ ಎಂದು ಕಲ್ಪಿಸಿಕೊಂಡರೆ ಶನಿವಾರ ಬೆಳಿಗ್ಗೆ ಬಾನೆಟ್ ಎತ್ತುವ ಕೆಲಸ ತಪ್ಪಿಹೋಗುತ್ತದೆ. ನಾವು ಸಾಧನ ತಂದು ಹಾಕಿದ್ದನ್ನೇ ಸತ್ಕಾರ್ಯ ಎಂದುಕೊಳ್ಳುತ್ತೇವೆ. ಸಾಧನ ನಿಜವಾಗಿ ಮಾಡುವುದು ಕೊಳೆಯನ್ನು ಇಲ್ಲಿಂದ ಅಲ್ಲಿಗೆ ಸರಿಸುವುದು ಮಾತ್ರ. ಅಲ್ಲಿಂದ ಮುಂದಕ್ಕೆ ಒಂದು ಕೈ ಬೇಕು.

ಬೆಂಗಳೂರಿನ ಫ್ಲಾಟುಗಳ ಅಡುಗೆಮನೆಯ ಚಿಮಣಿ ನೆನಪಾಗುತ್ತದೆ. ಅದರಡಿಯಲ್ಲಿ ಒಗ್ಗರಣೆಯ ಜಿಡ್ಡು ಇಳಿದು ಸೇರುವ ಪುಟ್ಟ ಬಟ್ಟಲೊಂದಿದೆ. ಕ್ಯಾಚ್ ಕ್ಯಾನಿನ ದಾಯಾದಿಯೇ. ಚಿಮಣಿ ಕೊಂಡವರಿಗೆ ಬಟ್ಟಲು ಇರುವುದೇ ಗೊತ್ತಿರುವುದಿಲ್ಲ, ಅದು ಗೊತ್ತಿರುವುದು ಅಮ್ಮನಿಗೆ ಅಥವಾ ಮನೆಕೆಲಸಕ್ಕೆ ಬರುವವರಿಗೆ. ಬಟ್ಟಲಿನಿಂದ ಇನ್ನೂ ಕೆಳಗಿಳಿದರೆ ಶೌಚದ ಗುಂಡಿ, ಮ್ಯಾನ್‌ಹೋಲು. ತುಂಬುವವರು ಒಬ್ಬರು, ಖಾಲಿ ಮಾಡುವವರು ಇನ್ನೊಬ್ಬರು ಎಂಬುದನ್ನು ನಾವು ಹುಟ್ಟಿನಿಂದಲೇ ನಿಗದಿ ಮಾಡಿಟ್ಟ ಜನ. ಮಲ ಹೊರುವ ಪದ್ಧತಿಯ ವಿರುದ್ಧ 1993ರಲ್ಲಿ ಒಂದು ಕಾನೂನು, ಅದು ಸಾಲದೆ 2013ರಲ್ಲಿ ಇನ್ನೊಂದು. ಗುಂಡಿಗಿಳಿದವರು ಉಸಿರುಗಟ್ಟಿ ಸಾಯುವುದು ನಿಂತಿಲ್ಲ. ಸಾಧನಗಳೂ ಇವೆ, ಕಾನೂನುಗಳೂ ಇವೆ. ಕೈ ಮಾತ್ರ ಬದಲಾಗಿಲ್ಲ.

ಇದನ್ನು ಹೇಳಿ ಅಮೆರಿಕದ ಟ್ರಕ್ ಮಾಲೀಕರನ್ನು ಹೊಗಳುವುದು ಸುಲಭ, ನನಗದು ಬೇಡ. ಅವರು ತಮ್ಮ ಡಬ್ಬಿಯನ್ನು ತಾವೇ ಬಿಚ್ಚುತ್ತಾರೆ, ಗಾಜಿನ ಬಾಟಲಿಗೆ ಬಗ್ಗಿಸಿ ಇಷ್ಟು ಸಿಕ್ಕಿತು ನೋಡಿ ಎಂದು ಹೆಮ್ಮೆಯಿಂದ ತೋರಿಸುತ್ತಾರೆ. ಮನೆಯ ಉಳಿದ ಕಸ ವಾರಕ್ಕೊಮ್ಮೆ ಬರುವ ಲಾರಿಯಲ್ಲಿ ಎಲ್ಲಿಗೆ ಹೋಗುತ್ತದೆಂದು ಅವರೂ ಕೇಳುವುದಿಲ್ಲ. ಡಬ್ಬಿ ಹಾಕಿಸಿದ್ದೂ ಗಾಳಿಯ ಮೇಲಿನ ಕಾಳಜಿಯಿಂದಲ್ಲ, ಇಂಟರ್‌ಕೂಲರಿನ ಮೇಲಿನ ಪ್ರೀತಿಯಿಂದ. ಅಣ್ಣನೂ ಹಾಗೆಯೇ. ಆದರೂ ಆ ಸ್ವಾರ್ಥ ಅವರನ್ನು ಬಯಸದ ಜಾಗಕ್ಕೆ ತಂದು ನಿಲ್ಲಿಸುತ್ತದೆ. ತನ್ನದೇ ಗಸಿಯನ್ನು ಕೈಯಲ್ಲಿ ಹಿಡಿದವನಿಗೆ, ಈಗ ಇದನ್ನೇನು ಮಾಡಲಿ ಎಂಬ ಪ್ರಶ್ನೆ ತಪ್ಪುವುದಿಲ್ಲ.

ಚರಂಡಿಗೆ ಸುರಿಯುವಂತಿಲ್ಲ. ಬಿಡಿಭಾಗಗಳ ಅಂಗಡಿಗಳು ಹಳೆಯ ಎಂಜಿನ್ ಆಯಿಲನ್ನು ಪುಕ್ಕಟೆ ತೆಗೆದುಕೊಳ್ಳುತ್ತವೆ, ನೀರು, ಪೆಟ್ರೋಲ್ ಬೆರೆತದ್ದನ್ನು ಬೇಡ ಅನ್ನುತ್ತವೆ. ಆಗ ಉಳಿಯುವುದು ಕೌಂಟಿಯವರು ಅಪಾಯಕಾರಿ ತ್ಯಾಜ್ಯಕ್ಕೆಂದು ಗೊತ್ತುಮಾಡಿದ ದಿನ. ಅಲ್ಲಿಯವರೆಗೆ ಅಣ್ಣ ಅದನ್ನು ಗ್ಯಾರೇಜಿನಲ್ಲಿ ಒಂದು ಹಳೆಯ ಡಿಟರ್ಜೆಂಟ್ ಕ್ಯಾನಿನಲ್ಲಿ ಇಟ್ಟಿರುತ್ತಾರೆ, ಮೇಲೆ ಮಾರ್ಕರಿನಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ “ಮುಟ್ಟಬೇಡಿ” ಎಂದು ಬರೆದು. ಹೋದ ತಿಂಗಳು ನೋಡಿದಾಗ ಮುಕ್ಕಾಲು ತುಂಬಿತ್ತು.